ಹುಂಜ ಕಾಣದ ಮೊಟ್ಟೆ

ಎಗ್ಮೋರ್, ಮದ್ರಾಸು
2-9-1957

ಐತಪ್ಪಾ,

ಈ ಅಕ್ಷರ ಯಾರದೆಂದು ವಿಳಾಸ ನೋಡಿದಾಗಲೇ ನಿನಗೆ ತಿಳಿದಿರುತ್ತದೆ. ಕಟಪಾಡಿ ಶಾಲೆಯಲ್ಲಿ ನಾಲ್ಕು ವರ್ಷ ನನ್ನ ಸ್ಲೇಟು ನೋಡಿ ಲೆಕ್ಕ ಬರೆದವನು ನೀನು. ನಾವಿಬ್ಬರೂ ಮಾತಾಡಿ ಹತ್ತೊಂಬತ್ತು ವರ್ಷವಾಯಿತು, ನನ್ನ ಮದುವೆಯ ದಿನದಿಂದ. ಆ ದಿನದ ಬಗ್ಗೆ ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೆ, ಬರೆಯಲಿಲ್ಲ. ಇವತ್ತೂ ಬರೆಯುವುದಿಲ್ಲ. ಇವತ್ತು ನನಗೆ ನಿನ್ನಿಂದ ಒಂದು ಕೆಲಸ ಆಗಬೇಕಾಗಿದೆ. ಕೆಲಸ ಆಗಬೇಕಾದಾಗ ಕ್ಷಮೆ ಕೇಳುವುದು ನನಗೇ ನಾಚಿಕೆ.

ನನ್ನ ಮಗಳು ತುಂಗಾ, ಹದಿನೇಳು ವರ್ಷದವಳು, ತಾಂಬರದ ಸ್ಯಾನಟೋರಿಯಮ್ಮಿನಲ್ಲಿ ಮಲಗಿದ್ದಾಳೆ. ಅವಳ ತಾಯಿ ಜಲಜಾಕ್ಷಿಯನ್ನು ಎಂಟು ವರ್ಷದ ಹಿಂದೆ ಕೊಂಡುಹೋದ ಕಾಯಿಲೆಯೇ ಇದು. ಈಗ ಇಂಜೆಕ್ಷನ್ ಬಂದಿದೆ, ಹೆದರಬೇಡಿ ಎನ್ನುತ್ತಾರೆ. ಇಂಜೆಕ್ಷನ್, ವಿಶ್ರಾಂತಿ, ಹಾಲು, ದಿನಕ್ಕೆ ಎರಡು ಮೊಟ್ಟೆ. ನಾವು ಮೊಟ್ಟೆ ತಿನ್ನುವವರಲ್ಲ ಎಂದೆ. ಡಾಕ್ಟರು ನನ್ನ ಜುಟ್ಟಿನಿಂದ ಕಾಲಿನವರೆಗೆ ನೋಡಿ, ನೀವು ತಿನ್ನಬೇಡಿ, ಅವಳು ತಿನ್ನಲಿ ಎಂದರು. ತುಂಗಾ ನನ್ನ ಮುಖ ನೋಡಿದಳು. ನಾನು ಬೇಡವೆಂದು ತಲೆಯಾಡಿಸಿದೆ. ನರ್ಸು ಅವಳ ಹಾಸಿಗೆಯ ಹಲಗೆಯ ಮೇಲೆ ವೆಜಿಟೇರಿಯನ್ ಎಂದು ಬರೆದು ಹೋದಳು.

ಅವತ್ತಿನಿಂದ ನನಗೆ ಸಮಾಧಾನವಿಲ್ಲ. ಹೋಟೆಲಿನಲ್ಲಿ ದಿನಕ್ಕೆ ಮುನ್ನೂರು ಜನರಿಗೆ ಬೇಯಿಸಿ ಹಾಕುತ್ತೇನೆ, ನನ್ನ ಮಗಳಿಗೆ ಬೇಕಾದ ಒಂದು ವಸ್ತು ನನ್ನ ಅಡಿಗೆಮನೆಯಲ್ಲಿಲ್ಲ. ಅವಳ ಜೀವ ಉಳಿಸಲು ಇನ್ನೊಂದು ಜೀವ ತೆಗೆಯಬೇಕೇ ಎಂಬಲ್ಲಿಗೆ ಬಂದು ನನ್ನ ಬುದ್ಧಿ ನಿಂತುಬಿಡುತ್ತದೆ. ನನಗೆ ತಿಳಿದವರಲ್ಲಿ ಕೋಳಿ ಬಲ್ಲವನು ನೀನೊಬ್ಬನೇ. ಹೇಳು ಮಾರಾಯ, ಜೀವವಿಲ್ಲದ ಮೊಟ್ಟೆ ಎಂಬುದು ಉಂಟೇ?

ಉತ್ತರ ಬರೆಯದಿದ್ದರೂ ನನಗೆ ಬೇಸರವಿಲ್ಲ.

ಕೃಷ್ಣರಾಜ


ಕಟಪಾಡಿ
13-9-1957

ಕೃಷ್ಣರಾಜ ಭಟ್ಟರಿಗೆ ಐತಪ್ಪ ಪೂಜಾರಿ ಮಾಡುವ ನಮಸ್ಕಾರ.

ನಿಮ್ಮ ಕಾಗದ ಬಂತು. ನಿಮ್ಮ ಸ್ಲೇಟು ನೋಡಿ ಬರೆದದ್ದು ಹೌದು, ಅದಕ್ಕೇ ನನಗೆ ಇವತ್ತಿಗೂ ಭಾಗಾಕಾರ ಬರುವುದಿಲ್ಲ. ಮದುವೆಯ ದಿನದ ಮಾತು ನೀವು ಬರೆಯಲಿಲ್ಲ, ನಾನೂ ಬರೆಯುವುದಿಲ್ಲ. ಕೊಟ್ಟಿಗೆಯ ಜಗಲಿಯಲ್ಲಿ ಹಾಕಿದ ಎಲೆಯಿಂದ ನಾನು ಎದ್ದು ಹೋದದ್ದನ್ನು ನೀವು ನೋಡಿದಿರಿ ಎಂಬುದು ನನಗೆ ಗೊತ್ತುಂಟು. ಅಷ್ಟು ಸಾಕು.

ಜೀವವಿಲ್ಲದ ಮೊಟ್ಟೆ ಉಂಟು. ಹೇಂಟೆಗೆ ಮೊಟ್ಟೆಯಿಡಲು ಹುಂಜ ಬೇಡ, ಮರಿಯಾಗಲು ಬೇಕು. ಹುಂಜವನ್ನೇ ಕಾಣದ ಹೇಂಟೆಯ ಮೊಟ್ಟೆಯಲ್ಲಿ ಹಳದಿ ಉಂಟು, ಬಿಳಿ ಉಂಟು, ಜೀವ ಇಲ್ಲ. ವರ್ಷಗಟ್ಟಲೆ ಕಾವು ಕೊಟ್ಟರೂ ಕೊಳೆಯುತ್ತದೆಯೇ ಹೊರತು ಒಡೆದು ಏನೂ ಬರುವುದಿಲ್ಲ. ಆದರೆ ಪೇಟೆಯ ಮೊಟ್ಟೆ ನೋಡಿ ಇದು ಹೇಳಲಿಕ್ಕಾಗುವುದಿಲ್ಲ. ನಿಮಗೆ ಖಾತ್ರಿ ಬೇಕಾದರೆ ಒಂದೇ ದಾರಿ. ನೀವೇ ಮರಿಯಿಂದ ಸಾಕಬೇಕು, ಹುಂಜಗಳು ಕೂಗುವ ಮೊದಲೇ ಬೇರೆ ಮಾಡಬೇಕು. ಆರು ತಿಂಗಳು ಹಿಡಿಯುತ್ತದೆ. ಅಷ್ಟು ದಿನ ಕಾಯುವುದು ಒಳ್ಳೆಯದೋ, ಕಣ್ಣು ಮುಚ್ಚಿ ಪೇಟೆಯ ಮೊಟ್ಟೆ ತಿನ್ನಿಸುವುದು ಒಳ್ಳೆಯದೋ, ಅದನ್ನು ಹೇಳುವಷ್ಟು ದೊಡ್ಡವನು ನಾನಲ್ಲ.

ನನ್ನ ಅಮ್ಮ ಚಂದುವಿಗೆ ಕಾಗದ ಓದಿ ಹೇಳಿದೆ. ಅವಳು ಎದ್ದು ಹೋಗಿ ಹದಿಮೂರು ಮೊಟ್ಟೆ ಆರಿಸಿಟ್ಟಳು. ಅವಳ ಕೋಳಿಗಳ ನೆನಪು ನಿಮಗಿರಬೇಕು: ಬೂದು ಮೈ, ಕೆಂಪು ಕತ್ತು, ಗಿಡ್ಡ ಕಾಲು. ಮದುವೆಯಾಗಿ ಬರುವಾಗ ತವರಿನಿಂದ ಬುಟ್ಟಿಯಲ್ಲಿ ತಂದ ತಳಿ, ಐವತ್ತು ವರ್ಷ ಬೇರೆ ಹುಂಜ ಸೇರಿಸದೆ ಉಳಿಸಿಕೊಂಡಿದ್ದಾಳೆ. ಈಚೆಗೆ ಸರಕಾರದವರು ಬಿಳಿಯ ವಿಲಾಯತಿ ಹುಂಜ ಹಂಚಲು ಬಂದಾಗ ಅವಳ ಕೈಯಲ್ಲಿ ಅಂಗಳ ಗುಡಿಸುವ ಹಿಡಿಸೂಡಿ ಇತ್ತು, ಅವರು ಹಾಗೇ ಹೋದರು. ಈ ಮೊಟ್ಟೆಗಳನ್ನು ಅವಳು ಮನೆಯ ಹೊರಗೆ ಕೊಟ್ಟದ್ದು ಇದೇ ಮೊದಲು. ಒಂದೇ ಮಾತು ಹೇಳಿದ್ದಾಳೆ. ಹುಂಜಗಳಲ್ಲಿ ಒಂದನ್ನು ಮಾರಬೇಡಿ, ಎಲ್ಲಾದರೂ ದೂರದಲ್ಲಿಟ್ಟು ಸಾಕಿ. ಒಂದೇ ಮನೆಯಲ್ಲಿದ್ದ ತಳಿಗೆ ಯಾವತ್ತೂ ಭಯ.

ರೈಲ್ವೆಯಲ್ಲಿರುವ ನನ್ನ ಬಾವ ಮೊಟ್ಟೆಗಳನ್ನು ತವುಡಿನ ಡಬ್ಬಿಯಲ್ಲಿ ತರುತ್ತಾನೆ. ಅಷ್ಟರಲ್ಲಿ ಕಾವಿಗೆ ಬಂದ ಹೇಂಟೆಯೊಂದನ್ನು ಹುಡುಕಿ. ಹೊಟ್ಟೆಯ ಕೆಳಗೆ ಕೈ ಹಾಕಬೇಕು. ಬಿಸಿ ಇದ್ದರೆ, ಪುಕ್ಕ ಕೆದರಿ ಕುಕ್ಕಿದರೆ ಕೊಳ್ಳಿ. ಕುಕ್ಕದಿದ್ದರೆ ಬೇಡ.

ಮಗಳಿಗೆ ಅಮ್ಮನ ಆಶೀರ್ವಾದ.

ಐತಪ್ಪ


ಪಲ್ಲಾವರಂ
20-10-1957

ಐತಪ್ಪಾ,

ವಿಳಾಸ ನೋಡು. ಹೋಟೆಲಿನ ಕೋಣೆ ಬಿಟ್ಟು ಇಲ್ಲಿ ಬಾಡಿಗೆಗೆ ಬಂದಿದ್ದೇನೆ. ಮಗಳ ಆಸ್ಪತ್ರೆಗೆ ಹತ್ತಿರ ಎಂದು ಯಜಮಾನರಿಗೆ ಹೇಳಿದೆ, ಸುಳ್ಳೇನೂ ಅಲ್ಲ. ಮನೆಯ ಯಜಮಾನಿ ಗೋದಾಬಾಯಿ ಎಂಬ ಹುಬ್ಬಳ್ಳಿಯ ಹೆಂಗಸು, ರೈಲ್ವೆ ಗಾರ್ಡಿನ ವಿಧವೆ. ಹಿತ್ತಲಲ್ಲಿ ಕೋಳಿ ಸಾಕಬಹುದೇ ಎಂದು ಕೇಳಿದಾಗ ನನ್ನ ಜನಿವಾರವನ್ನೇ ನೋಡುತ್ತ ನಿಂತಳು. ಆಮೇಲೆ ಕಾರಣ ಕೇಳಿ, ಮುರಿದ ಮಂಚವೊಂದನ್ನು ಗೂಡಿಗೆಂದು ತಾನೇ ಎಳೆದು ತಂದಳು.

ಶುಕ್ರವಾರದ ಸಂತೆಗೆ ಹೋಗಿ ಹನ್ನೊಂದು ಹೇಂಟೆಗಳ ಹೊಟ್ಟೆಯ ಕೆಳಗೆ ಕೈ ಹಾಕಿದೆ. ಸಂತೆಯವರೆಲ್ಲ ಕೆಲಸ ಬಿಟ್ಟು ಈ ಅಯ್ಯರ್ ಏನು ಮಾಡುತ್ತಾನೆ ಎಂದು ಸುತ್ತ ನಿಂತರು. ಹನ್ನೆರಡನೆಯದು ಕುಕ್ಕಿ ರಕ್ತ ಬರಿಸಿತು. ಚೌಕಾಸಿ ಮಾಡದೆ ಕೊಂಡೆ.

ನಿನ್ನ ಬಾವ ತಂದ ಮೊಟ್ಟೆಗಳನ್ನು ಅದರ ಕೆಳಗಿಟ್ಟ ಏಳನೆಯ ದಿನ, ನೀನು ಕಾರ್ಡಿನಲ್ಲಿ ಬರೆದಂತೆ ರಟ್ಟಿಗೆ ತೂತು ಕೊರೆದು ಮೊಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿದೆ. ಒಳಗೆ ಕೆಂಪು ನೂಲಿನ ಎಳೆಗಳು, ನಡುವೆ ಸಾಸಿವೆಯಷ್ಟು ಚುಕ್ಕೆ, ಅದು ಮಿಡುಕುತ್ತಿತ್ತು. ಐತಪ್ಪಾ, ನಾನು ಜೀವವಿಲ್ಲದ್ದನ್ನು ಹುಡುಕಿಕೊಂಡು ಹೊರಟವನು. ಇಷ್ಟು ಹತ್ತಿರದಿಂದ ಜೀವವನ್ನು ಯಾವತ್ತೂ ನೋಡಿರಲಿಲ್ಲ. ಮೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮತ್ತೆ ಹೇಂಟೆಯ ಕೆಳಗಿಟ್ಟೆ.

ಮೊನ್ನೆ ಒಂಬತ್ತು ಒಡೆದವು. ತುಂಗಾಳಿಗೆ ಹೇಳಿದೆ. ಒಂದೊಂದರ ಬಣ್ಣ, ಬೆನ್ನಿನ ಗೆರೆ ಎಲ್ಲ ಕೇಳಿದಳು. ಬುಧವಾರ ಮತ್ತು ಭಾನುವಾರ ನನಗೆ ಒಳಗೆ ಬಿಡುತ್ತಾರೆ, ಮುಂದಿನ ಸಲ ಪ್ರತಿಯೊಂದಕ್ಕೂ ಹೆಸರು ಸಿದ್ಧವಾಗಿರುತ್ತದಂತೆ. ಮೊಟ್ಟೆ ಬರುವವರೆಗೆ ಬಾದಾಮಿ ಅರೆದು ಹಾಲಿನಲ್ಲಿ ಕುದಿಸಿ ಒಯ್ಯುತ್ತಿದ್ದೇನೆ. ಆರು ತಿಂಗಳು ದೊಡ್ಡದೇನಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ.

ನಿನ್ನಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಕೃಷ್ಣರಾಜ


ಕಟಪಾಡಿ
2-11-1957

ಭಟ್ಟರಿಗೆ ನಮಸ್ಕಾರ.

ಹದಿಮೂರರಲ್ಲಿ ಒಂಬತ್ತು ಅಂದರೆ ಒಳ್ಳೆಯದೇ. ಅಮ್ಮ ಹನ್ನೊಂದು ಎನ್ನುತ್ತಿದ್ದಳು, ಎರಡನ್ನು ನಿಮ್ಮ ಪರವಾಗಿ ನಾನು ರೈಲಿನ ಕುಲುಕಾಟದ ಮೇಲೆ ಹಾಕಿದ್ದೇನೆ.

ನಿಮ್ಮಲ್ಲಿ ಈಗ ಮಳೆಗಾಲ. ಮರಿ ಹಸಿವಿನಿಂದ ಸಾಯುವುದಿಲ್ಲ, ಒದ್ದೆಯಿಂದ ಸಾಯುತ್ತದೆ. ನೆಲಕ್ಕೆ ಉಮಿ ಹಾಕಿ, ದಿನಾ ಬದಲಿಸಿ. ನುಚ್ಚಕ್ಕಿ ಕೊಡಿ, ಗೆದ್ದಲು ಸಿಕ್ಕಿದರೆ ಬಹಳ ಒಳ್ಳೆಯದು. ಗೆದ್ದಲಿಗೂ ಜೀವ ಉಂಟಲ್ಲ ಎಂದು ನನಗೆ ಕಾಗದ ಬರೆಯಬೇಡಿ. ಅದನ್ನು ನೀವು ಹಿಡಿಯಬೇಡಿ, ಹೇಂಟೆಯೇ ಕೆದಕಿ ಕೊಡುತ್ತದೆ. ಹದ್ದಿನ ಮೇಲೆ ಕಣ್ಣಿಡಿ. ತಾಯಿ ಒಂದು ತರಹ ದನಿ ಮಾಡಿದಾಗ ಮರಿಗಳು ಅಲ್ಲಲ್ಲೇ ಕಲ್ಲಾಗುತ್ತವೆ. ಆಗ ನೀವು ಓಡಬೇಕು.

ಆರು ತಿಂಗಳು ದೊಡ್ಡದೇ, ಭಟ್ಟರೇ. ಆದರೆ ಕಳೆಯುತ್ತದೆ.

ಐತಪ್ಪ


ಪಲ್ಲಾವರಂ
26-1-1958

ಐತಪ್ಪಾ,

ಏಳು ಉಳಿದಿವೆ. ಒಂದು ಹೇಂಟೆಯ ಕಾಲ ಕೆಳಗೆ ಸಿಕ್ಕಿ ಹೋಯಿತು, ಒಂದನ್ನು ಹದ್ದು ಒಯ್ದಿತು. ನಾನು ಓಡಿದೆ, ಮಡಿಪಂಚೆ ಕಾಲಿಗೆ ತೊಡರಿ ಬಿದ್ದೆ. ತುಂಗಾಳಿಗೆ ಹೇಳದೆ ಮುಚ್ಚಿಟ್ಟಿದ್ದೆ. ಆದರೆ ಎರಡು ವಾರ ಬರಿಯ ಏಳರ ಸುದ್ದಿ ಹೇಳಿದ್ದನ್ನು ಅವಳು ಎಣಿಸಿಬಿಟ್ಟಳು. ನನ್ನ ಕೈಹಿಡಿದು, ಏಳು ಬಹಳವಾಯಿತು ಅಪ್ಪಾ ಎಂದಳು.

ಈಗ ಅವಕ್ಕೆ ಮೂರು ತಿಂಗಳು ಕಳೆದಿದೆ. ನಾಲ್ಕು ಹೇಂಟೆ, ಮೂರು ಹುಂಜ ಎಂದು ಗೋದಾಬಾಯಿ ಹೇಳುತ್ತಾಳೆ. ಹುಂಜಗಳ ಜುಟ್ಟು ಕೆಂಪಾಗುತ್ತಿದೆ, ಕತ್ತಿನ ಗರಿ ಚೂಪಾಗುತ್ತಿದೆ, ಸುಮ್ಮಸುಮ್ಮನೆ ಎದೆಗೆ ಎದೆ ಕೊಟ್ಟು ನಿಲ್ಲುತ್ತವೆ. ನಿನ್ನಮ್ಮನ ಅಂಗಳವೇ ಇಲ್ಲಿ ಬಂದು ಕೂತ ಹಾಗೆ ಕಾಣುತ್ತದೆ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದು, ಉಮಿ ಬದಲಿಸಿ, ತಲೆಗೆ ನೀರು ಹಾಕಿಕೊಂಡು ಎಲೆಕ್ಟ್ರಿಕ್ ರೈಲು ಹತ್ತುತ್ತೇನೆ. ಹೋದ ವಾರ ಸಾಂಬಾರಿನ ಹಂಡೆಯ ಮುಂದೆ ನಿಂತಿದ್ದಾಗ ಪರಿಚಾರಕನೊಬ್ಬ ನನ್ನ ಹೆಗಲಿನಿಂದ ಬೂದು ಗರಿಯೊಂದನ್ನು ತೆಗೆದ. ಕಾಗೆಯದ್ದು ಎಂದೆ. ಯಜಮಾನರಿಗೆ ತಿಳಿದರೆ ಅವತ್ತೇ ನನ್ನ ಲೆಕ್ಕ ಮುಗಿಯಿತು.

ತುಂಗಾ ನಿನ್ನ ವಿಳಾಸ ಕೇಳಿ ಬರೆದುಕೊಂಡಿದ್ದಾಳೆ. ಮೊಟ್ಟೆ ಕಳಿಸಿದ ಅಜ್ಜಿಗೆ ಧನ್ಯವಾದ ಹೇಳಬೇಕಂತೆ. ಅವಳ ಕನ್ನಡ ನಾನು ಮನೆಯಲ್ಲಿ ಕಲಿಸಿದ್ದು, ನಗಬೇಡ.

ಹುಂಜಗಳನ್ನು ಯಾವಾಗ ಬೇರೆ ಮಾಡಲಿ?

ಕೃಷ್ಣರಾಜ


ಕಟಪಾಡಿ
5-2-1958

ಭಟ್ಟರಿಗೆ ನಮಸ್ಕಾರ.

ಕೂಗಲು ಅಭ್ಯಾಸ ಶುರು ಮಾಡಿದ ದಿನವೇ ಬೇರೆ ಮಾಡಿ. ಮೊದಮೊದಲು ಗಂಟಲು ಕಟ್ಟಿದ ಮುದುಕನಂತೆ ಕೂಗುತ್ತವೆ. ನಗು ಬರುತ್ತದೆ, ಆದರೆ ತಡ ಮಾಡಬೇಡಿ. ಇನ್ನೊಂದು ವಿಷಯ ಮನಸ್ಸಿನಲ್ಲಿಡಿ. ಹುಂಜ ಒಂದು ಸಲ ಹೇಂಟೆಯ ಜೊತೆ ಸೇರಿದರೆ ಆಮೇಲೆ ಮೂರು ವಾರದ ಮೊಟ್ಟೆಯಲ್ಲೂ ಜೀವ ಇರಬಹುದು. ನಿಮ್ಮ ಲೆಕ್ಕಕ್ಕೆ ಆ ಮೂರು ವಾರ ಬಿಡಬೇಕು.

ಮೂರು ಹುಂಜಗಳಲ್ಲಿ ಎರಡನ್ನು ಏನು ಬೇಕಾದರೂ ಮಾಡಿ. ಒಂದನ್ನು ಉಳಿಸಿ. ಅಮ್ಮ ಮತ್ತೆ ಮತ್ತೆ ಹೇಳುತ್ತಿದ್ದಾಳೆ, ನನಗೂ ಕೇಳಿ ಕೇಳಿ ಸಾಕಾಗಿದೆ, ಆದರೂ ಬರೆಯುತ್ತಿದ್ದೇನೆ.

ಐತಪ್ಪ


ಪಲ್ಲಾವರಂ
26-5-1958

ಐತಪ್ಪಾ,

ನಿನ್ನೆ ಭಾನುವಾರ ನನ್ನ ಮಗಳು ಮೊಟ್ಟೆ ತಿಂದಳು.

ಮೊದಲ ಮೊಟ್ಟೆ ಏಪ್ರಿಲ್ ಇಪ್ಪತ್ತಕ್ಕೇ ಬಂದಿತ್ತು, ನಿಂಬೆಹಣ್ಣಿನಷ್ಟು. ಆದರೆ ಪೂರ್ತಿ ಖಾತ್ರಿಯಾಗಲಿ ಎಂದು ಒಂದು ತಿಂಗಳ ಮೊಟ್ಟೆಗಳನ್ನೆಲ್ಲ ಗೋದಾಬಾಯಿಗೆ ಕೊಟ್ಟೆ. ನಿನ್ನೆ ಬೆಳಿಗ್ಗೆ ಎರಡನ್ನು ಕೈಯಲ್ಲಿ ಹಿಡಿದು ಒಲೆಯ ಮುಂದೆ ನಿಂತೆ, ಮುಂದೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಗೋದಾಬಾಯಿ ಬಾಗಿಲಲ್ಲಿ ನಿಂತು, “ಏನ್ರೀ ಭಟ್ಟರ, ಊರಿಗೆಲ್ಲ ಅಡಗಿ ಮಾಡ್ತೀರಿ, ಒಂದ್ ತತ್ತಿ ಕುದಸಾಕ ಬರೂದಿಲ್ಲೇನ್ರಿ ನಿಮಗ?” ಎಂದಳು. ಕುದಿಸಲು ಮುಂದೆ ಬಂದಳು. ಬೇಡ ಎಂದೆ, ಎಷ್ಟು ನಿಮಿಷ ಎಂದು ಮಾತ್ರ ಕೇಳಿಕೊಂಡು ನಾನೇ ಕುದಿಸಿದೆ.

ಟಿಫಿನ್ ಕ್ಯಾರಿಯರಿನ ಕೆಳಗಿನ ಬಟ್ಟಲಿನಲ್ಲಿ ಮೊಟ್ಟೆ, ಮೇಲಿನದರಲ್ಲಿ ಇಡ್ಲಿ. ರೈಲಿನಲ್ಲಿ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನಿಸಿತು. ಸಿಪ್ಪೆ ತೆಗೆದು, ಉಪ್ಪು ಮೆಣಸಿನಪುಡಿ ಹಾಕಿ ಅವಳ ಕೈಗೆ ಕೊಟ್ಟೆ. ಇದರಲ್ಲಿ ಜೀವವಿಲ್ಲ ಮಗಾ, ನಾನು ನೋಡಿಕೊಂಡಿದ್ದೇನೆ ಎಂದೆ. ಅವಳು ಮೂಗು ಮುರಿದಳು, ಕಣ್ಣು ಗಟ್ಟಿಯಾಗಿ ಮುಚ್ಚಿದಳು, ಚೂರೇ ಚೂರು ಕಚ್ಚಿ ಬಾಯಲ್ಲೇ ಇಟ್ಟುಕೊಂಡಳು. ಆಮೇಲೆ ಒಂದು ಕಣ್ಣು ತೆರೆದು, “ಇದು ಹೀಗಿರ್ತದಾ ಅಪ್ಪಾ?” ಎಂದಳು. ಹುಟ್ಟಿ ಆರು ತಿಂಗಳಿಗೆ ಅನ್ನಪ್ರಾಶನದ ದಿನ ಅವಳು ಮಾಡಿದ ಮುಖವೇ ಅದು. ಪಕ್ಕದ ಹಾಸಿಗೆಯ ಸುಮತಿ ಎಂಬ ಹುಡುಗಿ ಆಚೆ ತಿರುಗಿ ಬಾಯಿಗೆ ಸೆರಗು ಹಿಡಿದಿದ್ದಳು, ಅವಳೂ ಅಳುತ್ತಿದ್ದಳೋ ಏನೋ.

ತೂಕ ಕಳೆದ ತಿಂಗಳಿಗಿಂತ ಒಂದೂವರೆ ಪೌಂಡು ಹೆಚ್ಚಿದೆ. ಅದು ಬಾದಾಮಿಯ ಮಹಿಮೆ ಎಂದುಕೊಂಡಿದ್ದೇನೆ. ಬರಿಯ ಬಾದಾಮಿಯಿಂದಲೇ ಇಷ್ಟಾದರೆ, ಇನ್ನು ಮುಂದೆ ಹೇಗಾಗಬಹುದು ನೋಡು. ಈ ವರ್ಷ ದೀಪಾವಳಿಗೆ ಅವಳು ಮನೆಯಲ್ಲಿರುತ್ತಾಳೆ.

ಹುಂಜ ಅಗಸರ ಬೀದಿಯಲ್ಲಿ ಒಬ್ಬರ ಮನೆಯಲ್ಲಿದೆ. ಚೆನ್ನಾಗಿದೆ. ನಿನ್ನಮ್ಮನಿಗೆ ಹೇಳು.

ಕೃಷ್ಣರಾಜ


ಪಲ್ಲಾವರಂ
19-8-1958

ಐತಪ್ಪಾ,

ತುಂಗಾ ಈ ತಿಂಗಳ ಹನ್ನೊಂದಕ್ಕೆ ಹೋದಳು. ಬೆಳಿಗ್ಗೆ ಏಳು ಗಂಟೆಗೆ ಬಾಯಿಂದ ರಕ್ತ ಬಂತಂತೆ. ಅವತ್ತು ಸೋಮವಾರ. ನನಗೆ ತಿಳಿದು ಹೋಗುವಷ್ಟರಲ್ಲಿ ಮುಗಿದಿತ್ತು. ಭಾನುವಾರ ನಾನು ಒಯ್ದ ಎರಡು ಮೊಟ್ಟೆಗಳಲ್ಲಿ ಒಂದನ್ನು ಸಂಜೆಗೆ ಎಂದು ಬಟ್ಟಲಿನಲ್ಲಿ ಎತ್ತಿಟ್ಟಿದ್ದಳು. ಅದು ಹಾಗೇ ಇತ್ತು.

ಬೇರೇನೂ ಬರೆಯಲು ತಿಳಿಯುವುದಿಲ್ಲ.

ಕೃಷ್ಣರಾಜ


ಕಟಪಾಡಿ
26-8-1958

ಕೃಷ್ಣರಾಜಾ,

ಕಾಗದವನ್ನು ಅಂಗಳದಲ್ಲಿ ನಿಂತು ಓದಿದೆ. ಅಮ್ಮ ಒಳಗಿನಿಂದ, ಯಾರದು, ಮಗು ಹೇಗಿದೆಯಂತೆ ಎಂದು ಕೇಳುತ್ತಲೇ ಇದ್ದಳು. ಒಳಗೆ ಹೋಗಿ ಹೇಳಿದೆ. ಅವಳು ಆ ದಿನ ಕೋಳಿಗಳಿಗೆ ಕಾಳು ಹಾಕಲಿಲ್ಲ. ನಾನೇ ಹಾಕಿದೆ.

ನಾನು ನೋಡದ ಹುಡುಗಿ. ಆದರೂ ನಮ್ಮ ಮನೆಯಲ್ಲಿ ದಿನಾ ಅವಳ ಮಾತಿತ್ತು. ಹಗಲು ಹೊತ್ತು ಒಬ್ಬನೇ ಕೂರಬೇಡ, ಕೆಲಸಕ್ಕೆ ಹೋಗು. ಊಟ ಮಾಡು. ನಿನಗೆ ಬರೆಯಬೇಕು ಅನಿಸಿದಾಗ ಬರೆ, ಅನಿಸದಿದ್ದರೆ ಬರಿಯ ಕಾರ್ಡಿನ ಮೇಲೆ ವಿಳಾಸ ಬರೆದು ಹಾಕು. ನೀನು ಇದ್ದೀ ಎಂದು ನನಗೆ ತಿಳಿದರೆ ಸಾಕು.

ಐತಪ್ಪ


ಕಟಪಾಡಿ
2-11-1958

ಕೃಷ್ಣರಾಜಾ,

ಎರಡು ತಿಂಗಳಲ್ಲಿ ನಿನ್ನ ನಾಲ್ಕು ಖಾಲಿ ಕಾರ್ಡು ಬಂದವು. ನಾಲ್ಕನ್ನೂ ಜೋಪಾನವಾಗಿಟ್ಟಿದ್ದೇನೆ.

ಈ ಹೊತ್ತಿನಲ್ಲಿ ಕೇಳಬಾರದ್ದನ್ನು ಕೇಳಬೇಕಾಗಿದೆ, ಕೋಪ ಮಾಡಬೇಡ. ನಮ್ಮ ಕೋಳಿಗಳಿಗೆ ಕೊಕ್ಕರೆ ರೋಗ ಬಂತು. ಮೊದಲು ಎರಡು ಹೇಂಟೆ ಕತ್ತು ತಿರುಚಿಕೊಂಡು ಬಿದ್ದವು, ಎಂಟನೆಯ ದಿನಕ್ಕೆ ಅಂಗಳದಲ್ಲಿ ಒಂದೂ ಇರಲಿಲ್ಲ. ಮೂವತ್ತೆರಡು ಕೋಳಿಗಳನ್ನು ಗುಂಡಿ ತೋಡಿ ಹೂತೆ. ಅಮ್ಮ ಈಗಲೂ ಬೆಳಿಗ್ಗೆ ಎದ್ದು ಖಾಲಿ ಗೂಡಿನ ಬಾಗಿಲು ತೆಗೆಯುತ್ತಾಳೆ, ಸಂಜೆ ಮುಚ್ಚುತ್ತಾಳೆ.

ಅವಳ ತಳಿ ಇನ್ನಿರುವುದು ನಿನ್ನ ಹಿತ್ತಲಲ್ಲಿ ಮಾತ್ರ. ಅಗಸರ ಮನೆಯಲ್ಲಿಟ್ಟ ಹುಂಜವನ್ನು ತಂದು ನಿನ್ನ ಹೇಂಟೆಗಳ ಜೊತೆ ಬಿಡು. ಮೂರು ವಾರ ಕಳೆದ ಮೇಲೆ ಹದಿಮೂರು ಮೊಟ್ಟೆ ತವುಡಿನಲ್ಲಿಟ್ಟು ಬಾವನ ಕೈಯಲ್ಲಿ ಕಳಿಸು. ಹೋದ ಹಾಗೆಯೇ ಹಿಂದೆ ಬರಲಿ.

ಐತಪ್ಪ


ಪಲ್ಲಾವರಂ
20-11-1958

ಐತಪ್ಪಾ,

ಹುಂಜ ಇಲ್ಲ.

ಫೆಬ್ರವರಿಯಲ್ಲಿ ಎರಡನ್ನು ಸಂತೆಗೆ ಹಾಕಿ ಒಂದನ್ನು ಅಗಸರ ಮನೆಯಲ್ಲಿಟ್ಟದ್ದು ನಿಜ. ಏಪ್ರಿಲಿನಲ್ಲಿ ನನ್ನ ಹೇಂಟೆಗಳು ಮೊಟ್ಟೆಯಿಡತೊಡಗಿದ ಮೇಲೆ ಅದು ಗೋಡೆ ಹಾರಿ ಬರತೊಡಗಿತು. ಎರಡು ಸಲ ಹಿಡಿದು ಕೊಟ್ಟು ಬಂದೆ. ಮೂರನೆಯ ಸಲ ನಾನು ಕೆಲಸದಿಂದ ಬರುವಾಗ ಹಿತ್ತಲಲ್ಲಿ ಹೇಂಟೆಗಳ ನಡುವೆ ರೆಕ್ಕೆ ಇಳಿಬಿಟ್ಟು ಸುತ್ತುತ್ತಿತ್ತು. ಇನ್ನು ಮೂರು ವಾರ ಮೊಟ್ಟೆ ಒಯ್ಯುವ ಹಾಗಿಲ್ಲ ಎಂದು ತಿಳಿದಾಗ ನನಗೆ ಮೈಯೆಲ್ಲ ಉರಿಯಿತು. ಮೇ ಎರಡು, ಶುಕ್ರವಾರ, ಸಂತೆಯಲ್ಲಿ ಮೊದಲು ಕೇಳಿದವನ ಕೈಗೆ ಅದನ್ನು ಕೊಟ್ಟುಬಿಟ್ಟೆ. ಅವನು ಕಾಲು ಕಟ್ಟಿ ತಲೆಕೆಳಗಾಗಿ ಹಿಡಿದುಕೊಂಡು ಹೋದ. ನಿನಗೆ ಚೆನ್ನಾಗಿದೆ ಎಂದು ಬರೆದೆ. ನಿನ್ನ ಕಾಗದ ಬಂದ ಮೇಲೆ ಸಂತೆಯಲ್ಲಿ, ಬೀದಿಬೀದಿಯಲ್ಲಿ ಹುಡುಕಿದೆ. ಆರು ತಿಂಗಳ ಹಿಂದೆ ಮಾರಿದ ಹುಂಜ ಯಾರ ಮನೆಯಲ್ಲಿ ಉಳಿದಿರುತ್ತದೆ?

ಮದುವೆಯ ದಿನ ನಿನ್ನ ಎಲೆ ಕೊಟ್ಟಿಗೆಯಲ್ಲಿ ಹಾಕಿದಾಗ ನಾನು ನೋಡಿ ಬೇರೆ ಕಡೆ ತಿರುಗಿದೆ. ಆಗಲೂ ಮಡಿಗೆ ಹೆದರಿದೆ, ಈಗಲೂ ಹೆದರಿದೆ. ಆವತ್ತು ನಿನ್ನನ್ನು ಕಳೆದುಕೊಂಡೆ. ಈ ಸಲ ಡಾಕ್ಟರು ಕೊಡು ಎಂದ ದಿನವೇ ಮೊಟ್ಟೆ ಕೊಟ್ಟಿದ್ದರೆ ನನ್ನ ಮಗು ಉಳಿಯುತ್ತಿತ್ತೋ ಏನೋ. ಹೋದ ವರ್ಷದ ಆಗಸ್ಟಿನಲ್ಲಿ ಹೇಳಿದರು, ನಾನು ಕೊಟ್ಟದ್ದು ಈ ವರ್ಷದ ಮೇ ತಿಂಗಳಲ್ಲಿ. ಒಂಬತ್ತು ತಿಂಗಳು ಅವಳನ್ನು ಬರಿಯ ಬಾದಾಮಿ ಹಾಲಿನ ಮೇಲೆ ಮಲಗಿಸಿದೆ. ಜೀವವಿಲ್ಲದ ಮೊಟ್ಟೆ ಬೇಕೆಂದೆ, ನಿನ್ನಮ್ಮನ ತಳಿಯೂ ನಿಂತಿತು.

ಅವಳು ಹೋದ ಮೇಲೆ ನಾನು ಮೊಟ್ಟೆ ತೆಗೆಯುವುದನ್ನೇ ಬಿಟ್ಟಿದ್ದೆ. ಬೆನ್ನಿನ ಮೇಲೆ ಎರಡು ಗೆರೆಯಿದ್ದ, ತುಂಗಾ ‘ರೈಲು’ ಎಂದು ಹೆಸರಿಟ್ಟ ಹೇಂಟೆ ಐದು ಮೊಟ್ಟೆಗಳ ಮೇಲೆ ಕಾವಿಗೆ ಕೂತಿದೆ. ಇವತ್ತಿಗೆ ಇಪ್ಪತ್ತಾರು ದಿನ. ಬಿಸಿಲಿಗೆ ಹಿಡಿದು ನೋಡಿದೆ, ಎಳೆಯಿಲ್ಲ, ಚುಕ್ಕೆಯಿಲ್ಲ. ಆದರೂ ಅದು ಏಳುವುದಿಲ್ಲ, ದಿನಕ್ಕೆ ಒಂದು ಸಲ ಎದ್ದು ನೀರು ಕುಡಿದು ಮತ್ತೆ ಕೂರುತ್ತದೆ. ಬಹಳ ಸೊರಗಿದೆ. ಅದರ ಕೆಳಗಿನಿಂದ ಮೊಟ್ಟೆ ತೆಗೆಯಲು ನನ್ನ ಕೈ ಬರುವುದಿಲ್ಲ. ನಿನ್ನಮ್ಮನಿಗೆ ಏನು ಹೇಳುತ್ತೀಯೋ ಹೇಳು.

ಕೃಷ್ಣರಾಜ


ಕಟಪಾಡಿ
1-12-1958

ಕೃಷ್ಣರಾಜಾ,

ಕೋಪ ಬರಲಿಲ್ಲ ಎಂದರೆ ಸುಳ್ಳು. ಎರಡು ದಿನ ಬಂತು. ಮೂರನೆಯ ದಿನ ಅಮ್ಮನಿಗೆ ಎಲ್ಲ ಓದಿ ಹೇಳಿದೆ. ಅವಳು, ಹೇಂಟೆಗಳು ನಾಲ್ಕೂ ಇವೆಯಲ್ಲ, ಅರ್ಧವಾದರೂ ಉಳಿಯುತ್ತದೆ ಎಂದಳು. ಬೇರೆ ಹುಂಜ ಹಾಕಿದರೆ ಪೂರ್ತಿ ತಳಿ ಇನ್ನು ಬರುವುದಿಲ್ಲ. ಅದು ಅವಳಿಗೂ ಗೊತ್ತು.

ಆ ಹೇಂಟೆಯನ್ನು ಹಾಗೇ ಬಿಟ್ಟರೆ ಕೂತಲ್ಲೇ ಸಾಯುತ್ತದೆ. ಸಂತೆಯಿಂದ ಎರಡು ದಿನದ ನಾಲ್ಕು ಮರಿ ತಂದು, ಹೊತ್ತು ಮುಳುಗುವಾಗ ಮೊಟ್ಟೆ ತೆಗೆದು ಆ ಜಾಗದಲ್ಲಿಡು. ಯಾವ ತಳಿಯಾದರೂ ಸರಿ. ಹೇಂಟೆ ಅದನ್ನೆಲ್ಲ ಕೇಳುವುದಿಲ್ಲ.

ಇದರ ಜೊತೆ ಒಂದು ಕಾಗದ ಉಂಟು. ಅಪ್ಪನಿಗೆ ಯಾವತ್ತೂ ತೋರಿಸಬೇಡಿ ಎಂದು ನಿನ್ನ ಮಗಳು ಬರೆದಿದ್ದಳು. ಹತ್ತು ತಿಂಗಳು ಮಾತು ಉಳಿಸಿಕೊಂಡೆ. ನೀನು ಒಂಬತ್ತು ತಿಂಗಳ ಲೆಕ್ಕ ಬರೆದದ್ದನ್ನು ಓದಿದ ಮೇಲೆ ಇನ್ನು ಆಗುವುದಿಲ್ಲ. ಅವಳು ನನ್ನನ್ನು ಬೈದರೆ ಬೈಯಲಿ.

ಸಂಕ್ರಾಂತಿಯ ಹೊತ್ತಿಗೆ ನಾನೇ ಬರುತ್ತೇನೆ. ಕೈಯಲ್ಲಿ ಒಂದು ಹುಂಜ ಇರುತ್ತದೆ. ಯಾಕೆಂದು ಅವಳ ಕಾಗದದಲ್ಲಿದೆ. ನಿನ್ನ ಮನೆಯಲ್ಲೇ ಉಣ್ಣುತ್ತೇನೆ. ಎಲೆ ಒಳಗೆ ಹಾಕು.

ಐತಪ್ಪ


ಸ್ಯಾನಟೋರಿಯಂ, ತಾಂಬರಂ
11-2-1958

ಐತಪ್ಪ ಮಾಮನಿಗೆ ಮತ್ತು ಚಂದು ಅಜ್ಜಿಗೆ ತುಂಗಾಳ ನಮಸ್ಕಾರಗಳು.

ನನ್ನ ಕನ್ನಡದಲ್ಲಿ ತಪ್ಪು ಇದ್ದರೆ ಕ್ಷಮಿಸಿ. ಶಾಲೆಯಲ್ಲಿ ತಮಿಳು ಓದಿದೆ, ಕನ್ನಡವನ್ನು ಅಪ್ಪ ಹೋಟೆಲಿನ ಬಿಲ್ಲುಗಳ ಹಿಂದೆ ಬರೆದು ಕಲಿಸಿದರು.

ಅಜ್ಜಿ, ನಿಮ್ಮ ಏಳು ಕೋಳಿಗಳೂ ನನಗೆ ಚೆನ್ನಾಗಿ ಗೊತ್ತು. ನಾನು ಒಂದನ್ನೂ ನೋಡಿಲ್ಲ, ಆದರೆ ಅಪ್ಪ ವಾರಕ್ಕೆ ಎರಡು ಸಲ ಬಂದು ಒಂದೊಂದರ ಕಥೆ ಹೇಳುತ್ತಾರೆ. ಹುಂಜ ಹೇಗೆ ಕೂಗಲು ಕಲಿಯುತ್ತಿದೆ ಎಂದು ಕೂಗಿಯೂ ತೋರಿಸಿದರು. ಇಡೀ ವಾರ್ಡು ನಕ್ಕಿತು. ಅಮ್ಮ ಹೋದ ಮೇಲೆ ಅಪ್ಪ ಇಷ್ಟು ಮಾತಾಡಿದ್ದನ್ನು ನಾನು ನೋಡಿಲ್ಲ.

ಮಾಮ, ಒಂದು ಗುಟ್ಟು ಹೇಳುತ್ತೇನೆ. ಅಪ್ಪನಿಗೆ ಯಾವತ್ತೂ ತೋರಿಸಬೇಡಿ. ನಾನು ಬಂದ ಮೊದಲನೆಯ ವಾರದಿಂದಲೇ ಮೊಟ್ಟೆ ತಿನ್ನುತ್ತಿದ್ದೇನೆ. ಪಕ್ಕದ ಹಾಸಿಗೆಯ ಸುಮತಿಗೆ ದಿನಾ ಎರಡು ಕೊಡುತ್ತಾರೆ, ಅವಳಿಗೆ ಅದರ ವಾಸನೆ ಆಗುವುದಿಲ್ಲ. ನನಗೆ ಬದುಕಬೇಕು ಅಂತ ಬಹಳ ಆಸೆ, ಅದಕ್ಕೇ ಕೇಳಿದೆ. ದಿನಕ್ಕೆ ಒಂದು, ಕೆಲವು ದಿನ ಎರಡು. ಜೀವ ಇತ್ತೋ ಇಲ್ಲವೋ ನಾನು ಕೇಳಲಿಲ್ಲ. ಒಂದು ದಿನವೂ ತಪ್ಪಿಲ್ಲ. ಅಪ್ಪನಿಗೆ ಹೇಳೋಣ ಎಂದುಕೊಂಡ ದಿನವೇ ಅವರು ಕೈಗೆ ಬಟ್ಟೆ ಸುತ್ತಿಕೊಂಡು ಬಂದು, ಹೇಂಟೆ ಕುಕ್ಕಿತು, ಇನ್ನು ನಿನಗೆ ಮೊಟ್ಟೆ ಸಿಗುತ್ತದೆ ಮಗಾ ಎಂದರು. ಆಮೇಲೆ ಹೇಗೆ ಹೇಳುವುದು?

ಹುಂಜಗಳನ್ನು ಅಪ್ಪ ನನಗಾಗಿ ಕಳಿಸಿಬಿಡುತ್ತಾರಂತೆ, ಪಾಪ. ನನಗೆ ಗುಣವಾಗಿ ಮನೆಗೆ ಹೋದ ಮೇಲೆ ನೀವು ಒಂದು ಹುಂಜ ತನ್ನಿ ಮಾಮ. ತಾಯಿಯ ಹಿಂದೆ ಮರಿಗಳು ಓಡುವುದನ್ನು ನನಗೆ ಕಣ್ಣಿನಿಂದ ನೋಡಬೇಕು. ನೀವು ಬಂದರೆ ಅಪ್ಪನಿಗೂ ಒಳ್ಳೆಯದು. ಅವರಿಗೆ ನಿಮ್ಮ ವಿಷಯದಲ್ಲಿ ಏನೋ ಕೊರಗು ಇದೆ, ಕೇಳಿದರೆ ಹೇಳುವುದಿಲ್ಲ.

ಇನ್ನು ಎರಡು ತಿಂಗಳಿಗೆ ಅಪ್ಪ ನಮ್ಮ ಕೋಳಿಯ ಮೊಟ್ಟೆ ತರುತ್ತಾರೆ. ಅವತ್ತು ನಾನು ಮೊಟ್ಟೆಯನ್ನು ಮೊದಲ ಸಲ ತಿನ್ನುವವಳ ಹಾಗೆ ಕಾಣಬೇಕು. ಸುಮತಿಯ ಕನ್ನಡಿ ಇಸಿದುಕೊಂಡು ದಿನಾ ಮುಖ ಮಾಡಿ ಅಭ್ಯಾಸ ಮಾಡುತ್ತಿದ್ದೇನೆ. ಮೂಗು ಮುರಿಯುವುದು ಬಂದಿದೆ. ಕಣ್ಣು ಮುಚ್ಚುವುದು ಇನ್ನೂ ಸರಿಯಾಗಿಲ್ಲ, ನಗು ಬಂದುಬಿಡುತ್ತದೆ. ಅಷ್ಟರಲ್ಲಿ ಕಲಿಯುತ್ತೇನೆ.

ನಿಮ್ಮ
ತುಂಗಾ